ಅರ್ಧ ಮೈ ಕಂಡ ಸೂರ್ಯ

ಸೀರೆಯ ಅಂಚು ಸೊಟ್ಟಗಾಗುತ್ತಿದೆ ಎಂದು ರಾಮಲಿಂಗಯ್ಯ ನೇಯ್ದದ್ದನ್ನು ಎರಡು ಸಲ ಬಿಚ್ಚಿದ. ಮೂರನೆಯ ಸಲ ಹೆಂಡತಿ ಭಾಗ್ಯಮ್ಮ ಮಗ್ಗದ ಬಳಿ ಬಂದು ಅಂಚಿನುದ್ದಕ್ಕೂ ಬೆರಳಾಡಿಸಿದಳು.

“ಅಂಚು ನೆಟ್ಟಗದೆ ಕಣ್ರಿ. ಸೊಟ್ಟಗಿರೋದು ನಿಮ್ಮ ಕಣ್ಣು.”

“ಮೂವತ್ತು ವರ್ಷ ನೇಯ್ದಿವ್ನಿ. ನಂಗೇ ಹೇಳ್ಕೊಡಕ್ ಬಂದ್ಳು” ಎಂದು ಅವನು ಮತ್ತೆ ಬಿಚ್ಚಿದ.

ಮಗಳು ಲಿಖಿತಾ ಅವನನ್ನು ಕೊಳ್ಳೇಗಾಲದಿಂದ ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಬಲಗಣ್ಣಿನ ಹಿಂದೆ ರಕ್ತನಾಳ ಉಬ್ಬಿ ಸೋರುತ್ತಿತ್ತು. ಡಾಕ್ಟರು ಸಾವಧಾನವಾಗಿ ವಿವರಿಸಿದರು: ತೋಳಿನ ನರಕ್ಕೆ ಔಷಧಿ ಕೊಡುತ್ತೇವೆ. ಅದು ರಕ್ತದಲ್ಲಿ ನಿದ್ದೆ ಮಾಡುತ್ತಿರುತ್ತದೆ. ಕಣ್ಣಿನೊಳಗೆ ಕೆಂಪು ಬೆಳಕು ಬಿಟ್ಟ ಜಾಗದಲ್ಲಿ ಮಾತ್ರ ಎದ್ದು ಆ ನಾಳವನ್ನು ಮುಚ್ಚುತ್ತದೆ. ಹೋದ ದೃಷ್ಟಿ ಬರುತ್ತದೆಂದು ಹೇಳಲಾರೆ, ಇರುವುದು ಉಳಿಯಲಿ ಎಂದು ಈ ಪ್ರಯತ್ನ. ಆಮೇಲೆ ಐದು ದಿನ ಬಿಸಿಲಿಗೆ ಬರಬೇಡಿ, ಮೈಯಲ್ಲಿ ಉಳಿದ ಔಷಧಿ ಬಿಸಿಲಿಗೆ ಎದ್ದರೆ ಚರ್ಮವೂ ಸುಡುತ್ತದೆ, ಕಣ್ಣೂ ಕೆಡುತ್ತದೆ.

ಸೂಜಿ ಚುಚ್ಚಿದಾಗ ರಾಮಲಿಂಗಯ್ಯ ಅಲುಗಲಿಲ್ಲ. ಹಸಿರು ಔಷಧಿ ಇಳಿಯಿತು, ಬೆಳಕು ಬಿತ್ತು, ಮುಗಿಯಿತು. ತುಂಬುತೋಳಿನ ಅಂಗಿ, ಟೋಪಿ, ಕಪ್ಪು ಕನ್ನಡಕ ತೊಟ್ಟು ಹೊತ್ತು ಮುಳುಗಿದ ಮೇಲೆ ಕಾರಿಂದಿಳಿದವನನ್ನು ನೋಡಿ ಪಕ್ಕದ ಮನೆಯ ಶಾಂತಮೂರ್ತಿ ನಕ್ಕ.

“ಏನಯ್ಯಾ, ಸಿನಿಮಾದವ್ರು ಬಂದ್ರು ಅನ್ಕಂಡೆ.”

ಭಾಗ್ಯಮ್ಮ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಬಲ್ಬನ್ನೂ ಆರಿಸಿದಳು. ಲಿಖಿತಾ ಬಂದು ಬಲ್ಬನ್ನು ಮತ್ತೆ ಹಾಕಿದಳು. “ಅವ್ವಾ, ಕತ್ಲೇಲೂ ಕೂರಿಸ್ಬಾರ್ದಂತೆ. ಮನೆ ಬೆಳಕಿಗೆ ಔಷ್ದಿ ನಿಧಾನ ಕರಗ್ತದಂತೆ.”

ಬೆಳಗಾಯಿತು. ರಾಗಿರೊಟ್ಟಿಯ ತಟ್ಟೆಯನ್ನು ರಾಮಲಿಂಗಯ್ಯ ಪಕ್ಕಕ್ಕೆ ಸರಿಸಿದ. ಹುಡುಗನಾಗಿದ್ದಾಗ ತಂದೆ ಕೊಟ್ಟ ನೇಮ: ಮೂಡಿದ ಸೂರ್ಯನನ್ನು ಕಂಡು ಕೈಮುಗಿಯದೆ ಅನ್ನ ಮುಟ್ಟುವಂತಿಲ್ಲ. ಮೋಡ ಕವಿದ ದಿನ ಅವನು ಮಧ್ಯಾಹ್ನದವರೆಗೂ ಉಪವಾಸವಿದ್ದದ್ದುಂಟು.

“ಒಂದ್ಗಳಿಗೆ ಬಾಗ್ಲು ತೆಗಿ. ನೋಡಿ ಬತ್ತೀನಿ.”

“ಆ ಕಣ್ಣಿಗಾಗಿ ತಾನೆ ಮೈಸೂರ್ಗಂಟ ಓಗಿದ್ದು?” ಭಾಗ್ಯಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಕಣ್ಣೇ ಹೋದ್ಮೇಲೆ ಯಾವ ಸೂರ್ಯನ್ನ ನೋಡೀರಿ?”

“ಹಂಗಾರೆ ಊಟ ಬ್ಯಾಡ.”

ಅವನು ಗೋಡೆಗೆ ಮುಖ ಮಾಡಿ ಕುಳಿತ. ರೊಟ್ಟಿ ಆರಿತು. ಮಧ್ಯಾಹ್ನ ಅವನು ಎದ್ದು ಚಿಲಕಕ್ಕೆ ಕೈ ಹಾಕಿದಾಗ ಅವಳು ಆ ಕೈ ಹಿಡಿದಳು.

“ತಂಬೂರಿಯವ್ರು ಶಿವನ ಕಥೆ ಹಾಡೋವಾಗ ತಲೆ ತೂಗ್ತೀರಲ್ಲ, ಶಿವನ ಅರ್ಧ ಮೈ ಯಾರು?”

“ಪಾರ್ವತಿ.”

“ನಿಮ್ಮದು?”

ಅವನು ಚಿಲಕ ಬಿಟ್ಟ. ಅವಳು ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಅಂಗಳದಿಂದ ಅವಳ ಬಳೆಯ ಸದ್ದು ಕೇಳಿತು. ಒಳಗೆ ಬಂದು, “ಕಂಡೆ. ಕೈ ಮುಗ್ದೆ. ಉಣ್ಣಿ” ಎಂದಳು.

ಬಲ್ಬಿನ ಕೆಳಗೆ ಅವನು ರೊಟ್ಟಿ ಮುರಿದ. ಮಿಕ್ಕ ದಿನಗಳಲ್ಲಿ ಮುಂಜಾನೆ ಅವಳೇ ಹೋಗಿ ನೋಡಿ ಬಂದಳು. ಒಂದು ದಿನ ಮೋಡವಿತ್ತು. ಅವಳೂ ಉಣ್ಣದೆ ಕಾದಳು.

ಗಡುವು ಮುಗಿದ ಮುಂಜಾನೆ ಇಬ್ಬರೂ ಅಂಗಳದಲ್ಲಿ ನಿಂತು ಕೈಮುಗಿದರು. ಆಮೇಲೆ ಅವನು ಮಗ್ಗದ ಗುಂಡಿಗೆ ಇಳಿದು, ಎಡಗಣ್ಣು ಮುಚ್ಚಿ ಅಂಚನ್ನು ನೋಡಿದ. ಬಾಗು ಅಲ್ಲೇ ಇತ್ತು.

“ಸೊಟ್ಟ ಹೆಚ್ಚಾಯ್ತಾ?” ಭಾಗ್ಯಮ್ಮ ಕೇಳಿದಳು.

“ಇಲ್ಲ. ಹೋದ ವಾರ ಎಷ್ಟಿತ್ತೋ ಅಷ್ಟೇ ಅದೆ.”

ಅವನು ಲಾಳಿ ಎತ್ತಿಕೊಂಡ. ಎಳೆಗಳ ನಡುವೆ ಎಸೆಯಲಿಲ್ಲ. ಮಗ್ಗದ ಪಕ್ಕ ಸ್ವಲ್ಪ ಸರಿದು ಜಾಗ ಬಿಟ್ಟ.

“ಬಾ ಇಲ್ಲಿ. ಅಂಚ ನೋಡು.”

ಅವಳು ಬೆರಳಾಡಿಸಿದಳು. “ನೆಟ್ಟಗದೆ.”

ಅವನು ಲಾಳಿ ಎಸೆದ.