ಭತ್ಯೆ ಮೆಟ್ಟಿಲು

ಕೊಪ್ಪಳದ ಹೇಮಪ್ಪನಿಗೆ ಸಂಬಳದ ಮೇಲೆ ಅಂಥಾ ಭಕ್ತಿಯೇನೂ ಇರಲಿಲ್ಲ. ಅವನ ಭಕ್ತಿಯೆಲ್ಲ ಭತ್ಯೆಯ ಮೇಲೆ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಪರ ಊರಿನಲ್ಲಿ ವಸ್ತಿ ಬಿದ್ದಾಗ ಊಟಕ್ಕೆಂದು ಕೊಡುತ್ತಿದ್ದ ದಿನಭತ್ಯೆಯನ್ನು ಒಂದು ಸಲವೂ ಊಟಕ್ಕೆ ಹಾಕಿದವನಲ್ಲ. ಮನೆಯಿಂದ ಕಟ್ಟಿಕೊಂಡು ಹೋದ ರೊಟ್ಟಿಯ ಬುತ್ತಿಯನ್ನು ಬಸ್ಸಿನ ಸೀಟಿನ ಮೇಲೆ ಬಿಚ್ಚಿ, ಉಂಡು, ಅಲ್ಲೇ ಮಲಗಿ, ಭತ್ಯೆಯನ್ನು ಮುರಿಯದೆ ಮನೆಗೆ ತರುತ್ತಿದ್ದ. ಡಿಪೋದ ಚಾಲಕರು ಬಹಳ ಮಂದಿ ಹೀಗೇ ಮಾಡುತ್ತಿದ್ದರು, ಆದರೆ ಹೇಮಪ್ಪ ಅದನ್ನು ವ್ರತದ ಹಾಗೆ ಹಿಡಿದ. ಮನೆಯ ಮುಂದಿನ ಕೋಣೆ ಎದ್ದದ್ದು ಆ ದುಡ್ಡಿನಲ್ಲಿ. ಮನೆಮಂದಿ ಅದನ್ನು ಕರೆಯುವುದೂ ಭತ್ಯೆ ಕೋಣೆ ಎಂದೇ.

ಮಗಳು ಅನುಷಾ ಪೈಲಟ್ ಆದಳು. ಅಳವಂಡಿಯ ಹೊಲ ಅರ್ಧ ಅದಕ್ಕೇ ಹೋಯಿತು, ಹೋದದ್ದಕ್ಕೆ ಯಾರೂ ಅಳಲಿಲ್ಲ. ಕೆಲಸ ಸಿಕ್ಕಿದ್ದು ಹೈದರಾಬಾದಿನಲ್ಲಿ, ಸರಕು ಸಾಗಿಸುವ ಒಂದು ವಿಮಾನ ಕಂಪನಿಯಲ್ಲಿ. ಮಂದಿ ಇಲ್ಲದ ವಿಮಾನ ಎಂಥ ವಿಮಾನ ಎಂದು ಓಣಿಯವರು ಮೂಗು ಮುರಿದರೆ ಹೇಮಪ್ಪನ ಉತ್ತರ ತಯಾರಿತ್ತು. "ನಾ ಮಂದೀನ ಹೊತ್ತೆ, ಆಕಿ ಗಂಟು ಹೊರತಾಳ. ಗಂಟು ಚಿಲ್ಲರೆಕ್ಕ ಜಗಳಾ ತಗಿಯಂಗಿಲ್ಲ."

ತರಬೇತಿ ಮುಗಿಯುವ ತನಕ ಕಂಪನಿ ಕೊಡುವುದು ಅರ್ಧ ಸಂಬಳ. ಅದು ರೂಮಿನ ಬಾಡಿಗೆಗೆ, ಓಡಾಟಕ್ಕೆ ಸರಿಹೋಗುತ್ತಿತ್ತು. ಆದರೆ ದಿಲ್ಲಿ, ಕಲಕತ್ತಾ, ಶಾರ್ಜಾ ಎಂದು ವಿಮಾನ ಹೋದಲ್ಲೆಲ್ಲ ತಂಗಬೇಕಾದ ದಿನಗಳಿಗೆ ಊಟದ ಭತ್ಯೆ ಬೇರೆ ಇತ್ತು. ಅದನ್ನು ಕೇಳಿದ್ದೇ ತಡ ಹೇಮಪ್ಪನ ಕಿವಿ ನೆಟ್ಟಗಾದವು. ಮಗಳನ್ನು ಪಕ್ಕಕ್ಕೆ ಕರೆದು ತನ್ನ ವ್ರತದ ಉಪದೇಶ ಮಾಡಿದ. ಅವಳು ಅಪ್ಪನ ಮಗಳು, ಎರಡು ಸಲ ಹೇಳಿಸಿಕೊಳ್ಳಲಿಲ್ಲ.

ಅವಳ ತಾಯಿ ಯಮನೂರಮ್ಮ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಡುವಾಕೆ. ಒಣಗಿಸಿದ ಜೋಳದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟು ಕಟ್ಟಿ, ಹೈದರಾಬಾದಿನ ಬಸ್ಸು ಓಡಿಸುವ ಮಕ್ಬುಲಸಾಬನ ಕೈಯಲ್ಲಿ ಕಳಿಸುತ್ತಿದ್ದಳು. ಮಗಳು ಬಾಯಿರುಚಿಗೆ ತಿನ್ನುತ್ತಾಳೆ, ಗೆಳತಿಯರಿಗೂ ಕೊಡುತ್ತಾಳೆ ಎಂದೇ ಅವಳ ನಂಬಿಕೆ. "ಕಂಪನಿಯವ್ರು ಊಟಕ್ಕಂತನ ರೊಕ್ಕಾ ಕೊಡತಾರ, ದೊಡ್ಡ ದೊಡ್ಡ ಹೋಟೆಲಿನ್ಯಾಗ ಉಣತಾಳ" ಎಂದು ಪಕ್ಕದ ಮನೆಯ ಖಾಜಾಬೀಗೆ ದಿನಾ ಹೇಳುವಳು. ಅಪ್ಪನಾಗಲಿ ಮಗಳಾಗಲಿ ಅವಳನ್ನು ತಿದ್ದಲಿಲ್ಲ. ಅನುಷಾ ಆ ರೊಟ್ಟಿಯನ್ನೇ ಪೆಟ್ಟಿಗೆಯಲ್ಲಿ ಒಯ್ದು, ಊರೂರ ಹೋಟೆಲ್ ಕೋಣೆಯಲ್ಲಿ ಒಬ್ಬಳೇ ಮುರಿದು ತಿಂದು, ಭತ್ಯೆಯನ್ನು ಅಪ್ಪನಿಗೆ ಕಳಿಸಿದಳು. ಅದರಲ್ಲಿ ಅಂಗಳದಿಂದ ಮಾಳಿಗೆಗೆ ಮೆಟ್ಟಿಲು ಎದ್ದವು. ಮುಂದೆ ಮೇಲೊಂದು ಕೋಣೆ ಕಟ್ಟುವ ಲೆಕ್ಕ. ಯಮನೂರಮ್ಮನಿಗೆ ಆ ಮೆಟ್ಟಿಲೆಂದರೆ ಪ್ರಾಣ. ಕಾಳು ಹಸನು ಮಾಡುವುದೂ ಅಲ್ಲೇ, ಮಾತಿಗೆ ಕೂರುವುದೂ ಅಲ್ಲೇ.

ಜನವರಿಯಲ್ಲಿ ಅನುಷಾಳ ಫೋನು ಬಂತು.

"ಅಪ್ಪಾ, ಭತ್ಯೆದಾಗ ಉಂಡಿದ್ದಕ್ಕ ಬಿಲ್ಲು ಕೊಡ್ರಿ ಅಂತ ಕಂಪನ್ಯಾಗ ಕೇಳ್ಯಾರ. ಕೊಡಲಿಲ್ಲಂದ್ರ ಅದನ್ನೂ ಪಗಾರಕ್ಕ ಕೂಡಿಸಿ ಟ್ಯಾಕ್ಸ್ ಹಿಡಿತಾರಂತ. ಮಾರ್ಚ್ ಪಗಾರ ಅದಕ್ಕ ಹೋಗತೈತಿ. ಬಾಡಿಗಿಗೂ ಉಳಿಯಂಗಿಲ್ಲ."

"ಒಂದೂ ಬಿಲ್ಲು ಇಲ್ಲೇನು?"

"ರೊಟ್ಟಿಗೆ ಯಾರು ಬಿಲ್ಲು ಕೊಡತಾರಪ್ಪ?"

ಮರುದಿನವೇ ಹೇಮಪ್ಪ ಗಂಗಾವತಿಯ ಬಸ್ಸು ಹತ್ತಿದ. ಅಲ್ಲಿ ಅಕ್ಕಿ ಗಿರಣಿಗಳ ತೆರಿಗೆ ಲೆಕ್ಕ ನೋಡುವ ಗೋವಿಂದರಾಜ, ಯಮನೂರಮ್ಮನ ಕಡೆಯ ಸಂಬಂಧಿ. ಎಲ್ಲ ಕೇಳಿಸಿಕೊಂಡು ಅವನು ಕನ್ನಡಕ ತೆಗೆದಿಟ್ಟ.

"ಮಾವಾರ, ತರಬೇತಿ ಪಗಾರ ಅರ್ಧ ಇರಲಿ, ಪೂರಾ ಇರಲಿ, ಅದಕ್ಕ ತೆರಿಗಿ ಐತಿ. ಭತ್ಯೆಕ್ಕ ಇಲ್ಲ. ಆದ್ರ ಎಷ್ಟು ಖರ್ಚಾಗೈತಿ ಅಷ್ಟಕ್ಕ ಮಾತ್ರ ಇಲ್ಲ. ಉಂಡಿದ್ದಕ್ಕ ತೆರಿಗಿ ಇಲ್ರಿ, ಉಳಿಸಿದ್ದಕ್ಕ ಐತಿ."

"ಇದೆಂಥಾ ಕಾನೂನೋ ಗೋವಿಂದಾ? ಖರ್ಚು ಮಾಡಿದಾಂವ ಶ್ಯಾಣ್ಯಾ, ಉಳಿಸಿದಾಂವ ಹುಚ್ಚ ಏನು?"

"ಅದು ಊಟದ ರೊಕ್ಕರಿ. ಉಣಲಿಲ್ಲಂದ್ರ ಊಟದ ರೊಕ್ಕ ಹೆಂಗಾದೀತು? ಗಳಿಕಿ ಆತು."

"ಇಷ್ಟು ವರ್ಷ ನಾ ಉಳಿಸಿದೆ. ನನ್ನ ಯಾರೂ ಕೇಳಲಿಲ್ಲಲ್ಲ."

"ನಿಮ್ಮ ಪಗಾರನ ತೆರಿಗಿ ಮಟ್ಟಕ್ಕ ಬರತಿದ್ದಿಲ್ಲ. ಭತ್ಯೆ ಯಾರು ನೋಡ್ಯಾರು?"

ಹೇಮಪ್ಪನ ಮುಖ ಸಣ್ಣದಾದದ್ದನ್ನು ಕಂಡು ಗೋವಿಂದರಾಜ ದನಿ ತಗ್ಗಿಸಿದ. ಬೇಕಾದ ಊರಿನ ಹೋಟೆಲಿನ ಸುಳ್ಳು ಬಿಲ್ಲು ಮಾಡಿಕೊಡುವ ಗೆಳೆಯನೊಬ್ಬನಿದ್ದಾನೆ, ಅನುಷಾ ತಂಗಿದ ದಿನಗಳನ್ನು ಹೇಳಿದರೆ ಸಾಕು, ಎಂದ. ಹೇಮಪ್ಪ ಆ ದಿನಗಳನ್ನು ಮಗಳಿಂದ ಕೇಳಿ ಅವನಿಗೆ ಹೇಳಿದ. ಆಕೆ ಹೇಳುವಾಗ ದನಿಯಲ್ಲಿ ಜೀವವಿರಲಿಲ್ಲ. ಮುಂದಿನ ತಿಂಗಳು ತರಬೇತಿಯ ಕೊನೆಯ ಪರೀಕ್ಷೆ. ಖೊಟ್ಟಿ ಬಿಲ್ಲು ಸಿಕ್ಕಿಬಿದ್ದರೆ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ. ಅದು ಹೇಮಪ್ಪನಿಗೂ ಗೊತ್ತಿತ್ತು. ಆದರೂ ಬಾಡಿಗೆಯ ಚಿಂತೆ, ಅದಕ್ಕಿಂತ ಹೆಚ್ಚಾಗಿ ತನ್ನ ವ್ರತ ತಪ್ಪೆಂದು ಒಪ್ಪಿಕೊಳ್ಳುವ ಕಷ್ಟ, ಅವನ ಬಾಯಿ ಕಟ್ಟಿತ್ತು.

ಬಿಲ್ಲಿನ ಕಟ್ಟು ಬಂದ ದಿನ ಯಮನೂರಮ್ಮ ಮಗಳಿಗೆ ಕಳಿಸಲು ರೊಟ್ಟಿ ಬಡಿದು, ಅಂಗಳದಲ್ಲಿ ಬುಟ್ಟಿಯಲ್ಲಿ ಒಣಗಲು ಹಾಕಿದ್ದಳು. ಹೇಮಪ್ಪ ಕಟ್ಟನ್ನು ಮೆಟ್ಟಿಲ ಮೇಲಿಟ್ಟು ಕೈಕಾಲು ತೊಳೆಯಲು ಹೋದ. ತಿರುಗಿ ಬರುವುದರೊಳಗೆ ಅವಳು ಸೆರಗಿಗೆ ಕೈ ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತು, ಮಗಳ ಹೆಸರಿದ್ದ ಆ ಬಿಲ್ಲುಗಳ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು.

"ಫಿ-ಶ್ ಫ್ರೈ. ನೋಡ್ರಿ, ಕಲಕತ್ತಾದಾಗ ಮೀನ ತಿಂದಾಳ. ಸಣ್ಣಾಕಿದ್ದಾಗ ಮುಳ್ಳಿಗೆ ಎಷ್ಟು ಅಂಜತಿದ್ಲು." ಇನ್ನೊಂದು ತಿರುವಿದಳು. "ಇದು ದಿಲ್ಲಿದು. ಪನ್ನೀರು, ಸೂಪು, ಮ್ಯಾಲ ಗುಲಾಬ್ ಜಾಮೂನು. ಛಲೋ ಉಂಡಾಳ ನನ್ನ ಮಗಳು." ಗೋಡೆಯ ಆಚೆಗೆ ಕೂಗಿ ಖಾಜಾಬೀಗೂ ಓದಿ ಹೇಳಿದಳು.

ಹೇಮಪ್ಪ ಒದ್ದೆ ಕಾಲಿನಲ್ಲೇ ನಿಂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಬೈಗುಳ ಅವನಿಗೆ ಹೊಸದೇನಲ್ಲ. ಹೆಂಡತಿಯ ಆ ಸಂತೋಷವನ್ನು ನೋಡುವುದು ಅವನಿಂದ ಆಗಲಿಲ್ಲ. ಅವಳು ಫೋನು ಕೈಗೆತ್ತಿಕೊಂಡಳು. "ಮೀನ ಹೆಂಗಿತ್ತು ಅಂತ ಕೇಳತೀನಿ ತಡೀರಿ."

"ಫೋನ್ ಹಚ್ಚಬ್ಯಾಡ" ಎಂದ ಹೇಮಪ್ಪ. "ಅವು ಖೊಟ್ಟಿ ಬಿಲ್ಲು. ಟ್ಯಾಕ್ಸಿಗಂತ ಮಾಡಿಸಿದ್ವು. ಅದರಾಗಿಂದು ಆಕಿ ಒಂದೂ ಉಂಡಿಲ್ಲ."

"ಮತ್ತ ಏನು ಉಂಡಾಳ?"

ಹೇಮಪ್ಪನ ಕಣ್ಣು ರೊಟ್ಟಿಯ ಬುಟ್ಟಿಯ ಕಡೆ ಹೋಯಿತು. ಯಮನೂರಮ್ಮನ ಕಣ್ಣೂ ಅದರ ಹಿಂದೆಯೇ ಹೋಯಿತು.

"ತಿಂಗಳಗಟ್ಲೆ ಇದನ್ನ?"

"ಮೊಸರು ಕೊಂಡುಕೋತಾಳ" ಎಂದ ಹೇಮಪ್ಪ. ಅಂದ ಮೇಲೆ ತನಗೇ ನಾಚಿಕೆಯಾಯಿತು.

ಯಮನೂರಮ್ಮ ಕೂತಿದ್ದ ಮೆಟ್ಟಿಲನ್ನು ಅಂಗೈಯಿಂದ ಸವರಿದಳು. "ಹಂಗಾರ ನಾ ದಿನಾ ಕುಂಡ್ರೂದು ಆಕಿ ಊಟದ ಮ್ಯಾಲ ಅಂದಂಗಾತು." ಎದ್ದು ನೆಲದ ಮೇಲೆ ಕೂತಳು. "ನಿಮ್ಮದು ನಿಮ್ಮ ಹಟ ಅಂತ ಬಿಟ್ಟೆ. ಆಕೀಗ್ಯಾಕ ಕಲಿಸಿದ್ರಿ? ಅರ್ಧ ಹೊಟ್ಟಿಲೆ ವಿಮಾನ ಹಾರಸ್ತಾಳಲ್ಲ ನನ್ನ ಕೂಸು."

ಹೇಮಪ್ಪ ಬಿಲ್ಲಿನ ಕಟ್ಟನ್ನು ಒಯ್ದು ನೀರು ಕಾಸುವ ಒಲೆಗೆ ಹಾಕಿದ. ಆಮೇಲೆ ತಾನೇ ಮಗಳಿಗೆ ಫೋನು ಹಚ್ಚಿದ.

"ಉಳಿಸಿದ್ದು ಖರೇ, ಖರ್ಚಾಗಿಲ್ಲ ಅಂತ ಬರಕೊಡವ್ವ. ಟ್ಯಾಕ್ಸ್ ಹಿಡೀಲಿ. ಮ್ಯಾಲಿನ ಕೋಣಿಗಿಟ್ಟ ರೊಕ್ಕದಾಗ ಬಾಡಿಗಿ ಕಳಸ್ತೀನಿ. ಕೋಣಿ ಬ್ಯಾಡ ಈಗ."

ಅತ್ತ ಕಡೆ ಅನುಷಾ ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. "ಅಪ್ಪಾ, ನೀವು ಅಂದ್ರಿ ಅಂತ ಸುಮ್ಮನಿದ್ದೆ. ನನಗ ನಿದ್ದಿನ ಬರತಿದ್ದಿಲ್ಲ."

ಯಮನೂರಮ್ಮ ಕೈ ಚಾಚಿ ಫೋನು ಇಸಿದುಕೊಂಡಳು. "ಈ ಸಲ ರೊಟ್ಟಿ ಬರಂಗಿಲ್ಲ ಅನುಷಾ. ಮಕ್ಬುಲಸಾಬಗ ಹೇಳತೀನಿ. ಎಲ್ಲಿ ಇಳಿತಿ ಅಲ್ಲಿ ಕುಂತು ಹೊಟ್ಟಿ ತುಂಬ ಉಣ್ಣು. ಬಿಲ್ಲು ತೊಗೊ. ತೊಗೊಂಡು ನನಗ ಕಳಸು."

"ಟ್ಯಾಕ್ಸಿಗೇನವ್ವಾ? ಅದನ್ನ ಇಲ್ಲೇ ಕಂಪನ್ಯಾಗ ಕೊಡತೀನಿ ಬಿಡು."

"ಟ್ಯಾಕ್ಸಿಗಲ್ಲ" ಅಂದಳು ಯಮನೂರಮ್ಮ. "ನನಗ ಓದಾಕ."