ಮೈಮೇಲಿನ ಮಾಲು

ಸಂಜೆ ಕೆಲಸ ಮುಗಿದರೆ ನಮ್ಮ ಕಾರ್ಖಾನೆಯ ಗೇಟಿನ ಬಳಿ ಒಂದು ತಾಡಪತ್ರಿ, ಅಂದರೆ ದಪ್ಪ ಟಾರ್ಪಾಲು, ಹಾಸುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಅದರ ಮೇಲೆ ನಿಂತು ಸೆರಗು, ದುಪಟ್ಟಾ ಝಾಡಿಸಬೇಕು. ಬಿಳಿ ಪುಡಿ ಉದುರುತ್ತದೆ. ವಾಚ್‌ಮನ್ ಸಲಾವುದ್ದೀನ್ ಅದನ್ನು ಗುಡಿಸಿ ಚೀಲಕ್ಕೆ ತುಂಬುತ್ತಾನೆ. ನಮಗೆ ಮುಖ ತೊಳೆಯಲು ಮಾತ್ರ ನೀರಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಟೆಂಪೊದಲ್ಲಿ ಕಣ್ಣು ಉಜ್ಜುತ್ತ, ಮೈ ಕೆರೆಯುತ್ತ ಬರಬೇಕು.

"ಒಂದು ನಳಾ ಹಾಕಿಸ್ರಿ ಸಾಹೇಬ್ರ," ಎಂದು ಗಯಾಬಾಯಿ ಕೇಳಿದ್ದಳು. ನಮ್ಮೊಳಗೆ ಹಿರಿಯಳು, ಬಾಯಿ ಗಟ್ಟಿ.

"ತೊಳ್ಕೊಂಡ್ರ ಮಾಲ ಗಟಾರಕ್ಕ ಹೋಗತದ ಬಾಯಿ. ಝಾಡಿಸ್ರಿ, ಸಾಕು," ಎಂದಿದ್ದರು ಮ್ಯಾನೇಜರ್ ಅಶೋಕಕುಮಾರ.

ಆ ಮಾಲು ಸ್ಟ್ರಾನ್ಷಿಯಂ ಎಂಬ ಲೋಹದ ಉಪ್ಪು. ಹೆಸರು ಕಲಿಸಿದವಳು ಲ್ಯಾಬಿನ ಹುಡುಗಿ ಉಜ್ವಲಾ. ಬುತ್ತಿ ಬಿಚ್ಚಿದಾಗ ನಮ್ಮ ಜೊತೆಗೇ ಕೂರುತ್ತಾಳೆ.

"ಅದು ಬಿಳೀ ಮಂದಿ ಹಳ್ಳಿ ಹೆಸರ ಅಕ್ಕಾ. ಆ ಹಳ್ಳಿ ಗಣಿಯಾಗ ಮೊದಲ ಸಿಕ್ಕಿತ್ತಂತ."

"ಹಂಗಾದ್ರ ನನ್ನ ತವರು ಮಂಠಾಳದಾಗ ಏನರ ಸಿಕ್ರ ಮಂಠಾಳಿಯಂ ಅಂತಾರೇನ?" ಎಂದಳು ಗಯಾಬಾಯಿ.

"ಅಂದ್ರೂ ಅಂದಾರು! ಖರೇ ಲೋಹ ಬೆಳ್ಳಿಯಂಗ ಹೊಳೀತದ. ಚಾಕುಲೇ ಕೊಯ್ಯಬಹುದು, ಅಷ್ಟು ಮೆತ್ತಗ. ಆದ್ರ ನೀರು ಕಂಡ್ರ ಬುಸುಗುಡತದ. ಅದಕ್ಕ ಎಣ್ಣ್ಯಾಗ ಮುಳುಗಿಸಿ ಇಡ್ತಾರ."

"ಥೇಟ್ ನಮ್ಮ ಮ್ಯಾನೇಜರ್! ನೀರಂದ್ರ ಬುಸುಗುಡ್ತಾನ."

ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕೆವು. ಆ ಲೋಹ ಬಿಡಿಯಾಗಿ ಎಲ್ಲಿಯೂ ಸಿಗುವುದಿಲ್ಲವಂತೆ, ಹೊರದೇಶದಿಂದ ಬರುವ ಭಾರದ ಕಲ್ಲಿನಲ್ಲಿ ಅಡಗಿರುತ್ತದಂತೆ. ಆ ಕಲ್ಲನ್ನು ಪುಡಿ ಮಾಡಿ, ಇದ್ದಿಲಿನ ಜೊತೆ ಹುರಿದು, ಆಸಿಡ್ಡಿನಲ್ಲಿ ಕರಗಿಸಿ ಉಪ್ಪು ತೆಗೆಯುವುದೇ ನಮ್ಮ ಕಾರ್ಖಾನೆಯ ಕೆಲಸ. ಪಟಾಕಿಯ ಕೆಂಪು ಅದರಿಂದ. ಹಡಗು ಮುಳುಗುವಾಗ ಹಾರಿಸುವ ಕೆಂಪು ಬೆಳಕೂ ಅದರದೇ. ಸ್ಪೀಕರಿನ ಆಯಸ್ಕಾಂತಕ್ಕೆ ಬೇಕು, ಹಲ್ಲು ಜುಂ ಅನ್ನುವವರ ಪೇಸ್ಟಿಗೂ ಬೇಕು. ಇಷ್ಟು ಉಪಕಾರಿ ವಸ್ತು ನಮಗೆ ಕೊಟ್ಟದ್ದು ತುರಿಕೆ ಮಾತ್ರ.

ಒಂದು ಶುಕ್ರವಾರ ಗಯಾಬಾಯಿ ಮನೆಗೆ ಹೋದಳು. ಅಲ್ಲಿಯೂ ನಳ ಬಂದಿರಲಿಲ್ಲ. ಮೊಮ್ಮಗಳು ಹಸಿವೆಂದು ಅಳುತ್ತಿದ್ದಳು. ಹಾಗೆಯೇ ಒಲೆ ಮುಂದೆ ಕೂತು, ತುರುಬು ಬಿಚ್ಚಿ ಕೊಡವಿ, ಊದುಗೊಳವೆ ಹಿಡಿದಳು. ಬೆಂಕಿ ಭಗ್ಗೆಂದು ಕೆಂಪಾಯಿತು. ಕುಂಕುಮದಂಥ ಕೆಂಪು!

"ಅವ್ವ ಬಂದಾಳ! ಒಲ್ಯಾಗ ಅವ್ವ ಬಂದಾಳ!" ಎಂದು ಪಕ್ಕದ ಮನೆಯ ಗಿರಿಜಾಬಾಯಿ ಕೂಗಿದಳು.

ಓಣಿಯೇ ನೆರೆಯಿತು. ನಾನೂ ಓಡಿದೆ. ಒಲೆಗೆ ಅರಿಷಿಣ ಕುಂಕುಮ ಹಚ್ಚಿ, ಗಯಾಬಾಯಿಗೆ ಉಡಿ ತುಂಬಿದರು. "ಅಸ್ಗರಿ, ಒಲಿ ಬಿಡಸ್ಕೊಡ, ರೊಟ್ಟಿ ಬಡೀಬೇಕು," ಎಂದು ಅವಳು ನನ್ನ ಕಿವಿಯಲ್ಲಿ ಗೋಗರೆದಳು. ದೇವಿಯ ಮೇಲೆ ಹಂಚು ಇಡಲು ಯಾರು ಬಿಡುತ್ತಾರೆ? ಮೊಮ್ಮಗಳು ಕೊಬ್ಬರಿ ತಿಂದು ಮಲಗಿದಳು.

ಮರುದಿನ ಸುದ್ದಿ ನಮಗಿಂತ ಮೊದಲೇ ಮ್ಯಾನೇಜರನ್ನು ಮುಟ್ಟಿತ್ತು.

"ಕೆಂಪು ಉರಿ ಬಂತಂದ್ರ ಮಾಲ ಕದ್ದೀ. ನಾಳಿಂದ ಬರಬ್ಯಾಡ."

"ಮಾಲ ನಾ ಒಯ್ದಿಲ್ರಿ. ಅದ ನನ್ನ ಕೂದಲ ಹಿಡ್ಕೊಂಡು ಬಂದದ."

"ಹೌದ್ರಿ ಸರ್," ಎಂದಳು ಉಜ್ವಲಾ. "ಕೂದಲಾಗಿಂದು ಉದುರಿದ್ರೂ ಉರಿ ಕೆಂಪಾಗತದ."

"ಕೂದಲಾಗಿಂದಾದ್ರೂ ಕಂಪನಿ ಮಾಲ. ಚಿಟಿಕಿ ಹೊರಗ ಹೋದ್ರೂ ಅದು ಕಳವು."

ಹೊರಗೆ ಬಂದ ಗಯಾಬಾಯಿಗೆ ಕೆಲಸಕ್ಕಿಂತ ಬೇರೆಯದೇ ಚಿಂತೆ ಹತ್ತಿತು. "ಉಜ್ವಲಾ, ಒಲಿಗೆ ಬಿದ್ದದ್ದು ದಿನಾ ರೊಟ್ಟಿಗೂ ಬಿದ್ದಿರತದಲ್ಲ?"

"ಬಿದ್ದಿರತದ ಅಕ್ಕಾ. ಇದು ಸುಣ್ಣದ ದಾಯಾದಿ. ಎಲುಬಿಗೆ ಗುರ್ತ ಹತ್ತಂಗಿಲ್ಲ, ಸುಣ್ಣಂತ ತಿಳ್ಕೊಂಡು ಒಳಗ ಕರ್ಕೋತದ. ಒಂದ ಚಿಟಿಕಿಗೆ ಏನಾಗಲ್ಲ. ದಿನಾ ಹೊಟ್ಟಿಗೆ ಹೋದ್ರ ಬೆಳಿಯೋ ಮಕ್ಕಳ ಎಲುಬಿಗೆ ಚಲೋ ಅಲ್ಲ."

ನನ್ನ ಮಕ್ಕಳಿಗೆ ಇದೇ ಕೈಯಿಂದ ತುತ್ತು ಕೊಟ್ಟಿದ್ದೇನೆ.

ಸಂಜೆ ಸಲಾವುದ್ದೀನ್ ತಾಡಪತ್ರಿ ಹಾಸಿದ. ಸಾಲಿನಲ್ಲಿ ಮೊದಲಿದ್ದ ಮನೀಷಾ ಕಾಲಿಡಲಿಲ್ಲ, ಹಿಂದಿದ್ದ ಯಾರೂ ಇಡಲಿಲ್ಲ. ಟೆಂಪೊದವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಅಶೋಕಕುಮಾರರು ಹೊರಬಂದರು.

"ಏನ ನಾಟಕ ಇದು? ಹೋಗ್ರಿ ಮನೀಗೆ."

"ಹ್ಯಾಂಗ ಹೋಗೋಣ್ರಿ?" ಎಂದಳು ಗಯಾಬಾಯಿ. "ಕಿವ್ಯಾಗ, ಉಗುರಾಗ, ತಲ್ಯಾಗ ಕಂಪನಿ ಮಾಲ ಅದ. ಗೇಟ ದಾಟಿದ್ರ ಇವರೂ ಕಳ್ಳರಾಗ್ತಾರ. ನಿಮ್ಮ ಮಾಲ ಪೂರಾ ವಾಪಸ್ ತಗೋರಿ."

"ಮೈಮ್ಯಾಲಿಂದು ಹ್ಯಾಂಗ ತಗೋಬೇಕವ್ವ?"

"ನೀರ ಹಾಕಿ!" ಎಂದೆವು ಎಲ್ಲರೂ ಒಟ್ಟಿಗೆ.

ಇಡೀ ಕಾರ್ಖಾನೆಗೆ ಇದ್ದದ್ದು ಒಂದೇ ಬಾತ್‌ರೂಮು, ಮ್ಯಾನೇಜರ ಆಫೀಸಿನದು. ಬಿಸಿನೀರೂ ಇತ್ತು. ಗುಂಪಾಗಿ ಅತ್ತ ನಡೆದೆವು. ತಡೆಯಬೇಕಾದ ಸಲಾವುದ್ದೀನ್ ನಮಗೆ ಬೆನ್ನು ಮಾಡಿ ತಾಡಪತ್ರಿಯನ್ನು ಬಹಳ ಚಂದವಾಗಿ ಮಡಚತೊಡಗಿದ. ಗಯಾಬಾಯಿ ಒಳಹೊಕ್ಕು ಚಿಲಕ ಹಾಕಿದಳು. ನಾನು ಬಚ್ಚಲ ನೀರು ಹೊರಬೀಳುವ ಪೈಪಿನ ಬಾಯಿಗೆ ಡ್ರಮ್ಮು ಇಟ್ಟೆ. ಸಾಹೇಬರ ಮಾಲು ಗಟಾರಕ್ಕೆ ಹೋಗಬಾರದಲ್ಲ!

"ನಾ ಒಳಗ ಹೋಗಬೇಕ್ರವ್ವ, ಅರ್ಜೆಂಟ್ ಅದ!" ಎಂದು ಅಶೋಕಕುಮಾರರು ಬಾಗಿಲು ಬಡಿದರು.

"ಆಕಿ ಆದಮ್ಯಾಲ ಮನೀಷಾ, ಆಮ್ಯಾಲ ನಾನು. ಪಾಳಿ ಹಚ್ರಿ ಸಾಹೇಬ್ರ," ಎಂದೆ.

ಗಯಾಬಾಯಿ ಹೊರಬಂದಳು. ಕೂದಲಿನಿಂದ ನೀರು ಸುರಿಯುತ್ತಿತ್ತು. ಹೆಗಲ ಮೇಲೆ ಸಾಹೇಬರ ಟವೆಲು.

"ಈಗ ತಪಾಸ ಮಾಡ್ರಿ. ಚಿಟಿಕಿ ಸಿಕ್ರ ಕಳ್ಳಿ ಅನ್ರಿ. ಇಲ್ಲಂದ್ರ ನಾಳೆ ಕೆಲಸಕ್ಕ ಬರ್ತೇನಿ, ಸಂಜಿಕ್ಕ ಇಲ್ಲೇ ಜಳಕ ಮಾಡ್ತೇನಿ. ಸಾಬೂನ ಸವದದ, ಹೊಸಾದ ತರಿಸಿಡ್ರಿ."

ಅವರು ಬಾಯಿ ತೆರೆಯುವುದರೊಳಗೆ ಮನೀಷಾ ಒಳಹೊಕ್ಕು ಚಿಲಕ ಹಾಕಿಕೊಂಡಳು.