ಏನೂ ತೊಂದರೆ ಇಲ್ಲ ಸರ್

ಬೆಳಿಗ್ಗೆ ಬೆನ್ನುನೋವಿಗೆ ಕಟ್ಟುವ ಸೊಂಟದ ಪಟ್ಟಿಯ ವಿಷಯಕ್ಕೇ ಗಂಡ ಹೆಂಡಿರ ನಡುವೆ ಜಟಾಪಟಿಯಾಯಿತು.

"ಅಧಿಕಾರಿಗಳ ಮುಂದೆ ಇದನ್ನ ಬಿಗಿದುಕೊಂಡು ಹೋಗಲಾ? ಬಸುರಿ ಥರ ಕಾಣ್ತೀನಿ."

"ಕಾಣಲಿ ಬಿಡಿ. ಅವರ ಕಣ್ಣಿಗೆ ಬೀಳಲಿ ಅಂತಾನೇ ಅಲ್ವಾ ಹೋಗ್ತಿರೋದು?"

"ನಿನಗೆ ಅದೆಲ್ಲ ಗೊತ್ತಾಗಲ್ಲ ಕಣೆ."

ಅವಳು ಪಟ್ಟಿಯನ್ನು ಸದ್ದಿಲ್ಲದೆ ತನ್ನ ಚೀಲಕ್ಕೆ ತುರುಕಿ, ಬಗ್ಗಲಾರದ ಗಂಡನ ಬೂಟಿನ ಲಾಡಿ ಕಟ್ಟಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಹಾಸಿಗೆ ಹೊದಿಕೆ ಮಡಚುವುದು ಅವಳ ಕೆಲಸ. ಒಮ್ಮೆ ಗಟ್ಟಿಯಾಗಿ ಮಡಿಕೆ ಬಿದ್ದ ಬಟ್ಟೆ ಎಷ್ಟು ಕೊಡವಿದರೂ ಅದೇ ಗೆರೆಗೆ ಮರಳುತ್ತದೆ. ಗಂಡನಿಗೆ ಆ ಮಡಿಕೆ ಬಿದ್ದದ್ದು ಸೇನೆಯಲ್ಲಿ.

ಅಲ್ಲಿ ಲಾರಿಯಿಂದ ಮದ್ದುಗುಂಡಿನ ಪೆಟ್ಟಿಗೆ ಇಳಿಸುವಾಗ ಅವನ ಬೆನ್ನು ಕೈಕೊಟ್ಟಿತ್ತು. ಅವಧಿ ಮುಗಿಯುವ ಮೊದಲೇ ಮನೆಗೆ ಬಂದ. ಬಿಡುಗಡೆ ಪತ್ರದಲ್ಲಿ ಮಾತ್ರ 'ಸ್ವಂತ ಕೋರಿಕೆಯ ಮೇಲೆ; ಆರೋಗ್ಯ ಸರಿಯಿದೆ' ಎಂದಿತ್ತು. ಹೊರಡುವ ದಿನ ವೈದ್ಯಾಧಿಕಾರಿ "ಏನಾದರೂ ತೊಂದರೆ?" ಎಂದು ಕೇಳಿದ್ದರಂತೆ. ಇವನು "ಏನೂ ಇಲ್ಲ ಸರ್" ಎಂದಿದ್ದನಂತೆ.

"ಹಾಗ್ಯಾಕೆ ಹೇಳಿದ್ರಿ?" ಎಂದು ಅವಳು ಹಣೆ ಚಚ್ಚಿಕೊಂಡಿದ್ದಳು.

"ಅಲ್ಲಿ ಬೇರೆ ಉತ್ತರ ಯಾರೂ ಕೊಡಲ್ಲ."

ಆ ಒಂದು ಸಾಲು ತಿದ್ದಿಸಲು ಸೇನೆಯ ಮಂಡಳಿಗೆ ಅರ್ಜಿ ಹಾಕಿದ್ದರು; ಇವತ್ತು ಅದರ ವಿಚಾರಣೆ. ಅದನ್ನು ತಿದ್ದಿದರೆ ಸೇನೆಯ ಆಸ್ಪತ್ರೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಗುತ್ತಿತ್ತು. ತಿದ್ದದಿದ್ದರೆ ಈಗಿನ ಬಾಳೇ ಗತಿ: ದಿನಾ ಬೆಳಿಗ್ಗೆ ಅವನ ಕಂಕುಳಿಗೆ ಕೈಹಾಕಿ ಹಾಸಿಗೆಯಿಂದ ಎಬ್ಬಿಸುವುದು. ಇತ್ತೀಚೆಗೆ ಅವಳ ಸೊಂಟವೂ ಮಾತಾಡತೊಡಗಿತ್ತು. ಯಾರಿಗೂ ಹೇಳಿರಲಿಲ್ಲ. ಒಂದು ಮನೆಗೆ ಎಷ್ಟು ಬೆನ್ನುನೋವು ತಾನೇ ಹಿಡಿಸುತ್ತದೆ?

ವಿಚಾರಣೆಯ ಕೋಣೆಯಲ್ಲಿ ಗುಮಾಸ್ತ ಅವಳಿಗೆ ಹಿಂದಿನ ಬೆಂಚು ತೋರಿಸಿದ. "ಅಮ್ಮಾ, ನೀವು ಮಾತಾಡೋ ಹಾಗಿಲ್ಲ. ಸುಮ್ನೆ ಕೂತ್ಕೊಳ್ಳಿ."

ಮೇಜಿನ ಆಚೆ ಮಂಡಳಿಯ ಅಧ್ಯಕ್ಷರು. ನಿವೃತ್ತ ಸೇನಾಧಿಕಾರಿ, ಬಿಳಿ ಮೀಸೆ. ವೈದ್ಯರ ಚೀಟಿ, ಬೆನ್ನಿನ ಎಕ್ಸ್‌ರೇ ಎಲ್ಲವನ್ನೂ ನಿಧಾನವಾಗಿ ನೋಡಿದರು. ಅವರ ಮುಖ ಮೆತ್ತಗಾದದ್ದು ಕಂಡು ಅವಳು ಬೆಂಚಿನ ತುದಿಗೆ ಸರಿದು ಕೂತಳು. ವಾರವಿಡೀ ಇಬ್ಬರೂ ಉತ್ತರಗಳನ್ನು ಉರುಹೊಡೆದಿದ್ದರು. ಎಲ್ಲಿ ನೋವು, ಎಷ್ಟು ಹೊತ್ತು ನಿಲ್ಲಬಲ್ಲೆ, ಯಾವಾಗ ಪೆಟ್ಟಾಯಿತು.

ಅಧ್ಯಕ್ಷರು ಕನ್ನಡಕ ತೆಗೆದರು. ಪ್ರೀತಿಯಿಂದಲೇ, ಆದರೆ ಮೈದಾನಕ್ಕೆಲ್ಲ ಕೇಳುವಂಥ ಗಂಟಲಲ್ಲಿ ಕೇಳಿದರು: "ಏನಪ್ಪಾ ಸಿಪಾಯಿ! ಏನಾದರೂ ತೊಂದರೆ?"

ಕುರ್ಚಿ ಹಿಂದಕ್ಕೆ ಸರಿಯಿತು. ಹಿಮ್ಮಡಿಗಳು ಕೂಡಿದವು. ಮನೆಯಲ್ಲಿ ಗೋಡೆ ಹಿಡಿದು ನಡೆಯುವ ಬೆನ್ನು ಕಂಬದಂತೆ ನೆಟ್ಟಗಾಯಿತು.

"ಏನೂ ತೊಂದರೆ ಇಲ್ಲ ಸರ್!"

ಗುಮಾಸ್ತನ ಬೆರಳು ಕೀಲಿಮಣೆಯ ಮೇಲೆ ಟಕಟಕ ಓಡಿತು. ಅವಳು ಎದ್ದೇಬಿಟ್ಟಳು.

"ಸಾರ್, ಸುಳ್ಳು! ಬೂಟಿನ ಲಾಡಿ ಕಟ್ಟಿದ್ದು ನಾನು ಸಾರ್. ರೀ, ಹೇಳ್ರೀ!"

ಅವನು ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಹೆಂಡತಿಗೆ ಕಾಳಜಿ ಇರಬೇಕಾದ್ದೇ," ಅಧ್ಯಕ್ಷರು ನಕ್ಕರು. "ಆದ್ರೆ ಹೇಳಿಕೆ ಅವನದ್ದು ತಾಯಿ." ದಾಖಲೆ ಇದ್ದ ಹಾಗೇ ಉಳಿಯಿತು.

ಬಾಗಿಲಲ್ಲಿ ಅವಳು ಗುಮಾಸ್ತನ ದಾರಿಗೆ ಅಡ್ಡ ನಿಂತಳು. "ಇನ್ನೊಂದ್ಸಲ ಅರ್ಜಿ ಹಾಕಬಹುದಾ ಅಣ್ಣಾ?"

"ಹಾಕ್ಬಹುದು. ಆದ್ರೆ ಇವತ್ತು ಹೇಳಿದ್ದೂ ಕಡತಕ್ಕೆ ಸೇರ್ತಲ್ಲಮ್ಮಾ."

ಮೆಟ್ಟಿಲು ಇಳಿಯುವಾಗ ಅರ್ಧದಲ್ಲೇ ಅವನ ಕಾಲುಗಳು ನಿಂತವು. ಕಂಬಿ ಹಿಡಿದು ಮುಖ ಕಿವುಚಿದ. "ಅವರು ಕೇಳಿದ ರೀತಿ ಹಾಗಿತ್ತು ಕಣೆ," ಎಂದ, ತಪ್ಪು ಮಾಡಿದ ಮಗುವಿನಂತೆ. ಅವಳು ಚೀಲದಿಂದ ಪಟ್ಟಿ ತೆಗೆದು, ಇಸ್ತ್ರಿ ಮಾಡಿದ ಅಂಗಿಯ ಮೇಲೆಯೇ ಸುತ್ತತೊಡಗಿದಳು.

ಮೇಲೆ ಬಾಗಿಲು ತೆರೆದುಕೊಂಡಿತು. ಅಧ್ಯಕ್ಷರು ಇಳಿದು ಬರುತ್ತಿದ್ದರು. ನೋಡಲಿ, ಈಗಲಾದರೂ ಕಣ್ಣಾರೆ ನೋಡಲಿ ಎಂದು ಅವಳು ಪಟ್ಟಿ ಸುತ್ತುತ್ತಲೇ ಇದ್ದಳು.

ಗಂಡ ಅವಳ ಕೈಯನ್ನು ಸರಿಸಿದ. ಕಂಬಿ ಬಿಟ್ಟ. ನೆಟ್ಟಗಾಗಿ ಸಲಾಮು ಹೊಡೆದ.

"ಭೇಷ್," ಎನ್ನುತ್ತ ಅಧ್ಯಕ್ಷರು ಅವನ ಭುಜ ತಟ್ಟಿ ಇಳಿದುಹೋದರು. ಅವರ ಹೆಜ್ಜೆ ಸದ್ದು ಅಡಗುವವರೆಗೂ ಗಂಡ ಹಾಗೇ ನಿಂತಿದ್ದ. ಪಟ್ಟಿಯ ತುದಿ ಹಿಡಿದು, ಅವನು ಯಾವ ಕಡೆಗೆ ವಾಲುತ್ತಾನೋ ಎಂದು ಅವಳು ಕಾಯುತ್ತ ನಿಂತಳು.